ಕಳೆದುಹೋದ ಎರಡನೇ ಭಾಗ

ನಮ್ಮ ಹಾಸ್ಟೆಲ್ ಲೈಬ್ರರಿಯಿಂದ ಆ ಕಾದಂಬರಿಯ ಎರಡನೇ ಭಾಗ ಒಯ್ದು ವಾಪಸ್ ಕೊಡದ ಹುಡುಗಿ ಯಾರೋ ಗೊತ್ತಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ. ಆಕೆ ಪ್ರಾಮಾಣಿಕಳಾಗಿದ್ದರೆ ನನಗೆ ಮಾಳಿಂಗ ಸಿಗುತ್ತಿರಲಿಲ್ಲ.

ದೇವರ ಹಿಪ್ಪರಗಿಯಿಂದ ಸಿಂದಗಿಗೆ ಹೋಗುವ ಬೆಳಗಿನ ಬಸ್ಸು. ನಾನೂ ಗೆಳತಿ ಸಗೀರಾಳೂ ಅಲ್ಲಿ ಬಿ.ಎಡ್. ಓದುತ್ತಿದ್ದೆವು. ಫ್ರೀ ಟಿಕೆಟ್ಟಿನ ಹೆಂಗಸರೆಲ್ಲ ಕುಳಿತಿದ್ದೆವು, ದುಡ್ಡು ಕೊಟ್ಟ ಗಂಡಸರು ನಿಂತಿದ್ದರು. ಡಿಗ್ರಿ ಮುಗಿಸಿ ಹಾಸ್ಟೆಲ್ ಬಿಡುವಾಗ ವಾರ್ಡನ್ ಮೇಡಂ ಪ್ರೀತಿಯಿಂದ ಕೊಟ್ಟ ಮೂರನೇ ಭಾಗ ನನ್ನ ತೊಡೆಯ ಮೇಲಿತ್ತು. ನಿಂತವರಲ್ಲೊಬ್ಬ ಆ ಕಡೆ ಎಷ್ಟು ಕುತ್ತಿಗೆ ಸೊಟ್ಟ ಮಾಡಿದನೆಂದರೆ, ನನಗೆ ಬೇರೆಯೇ ಅರ್ಥವಾಯಿತು.

“ಏನ್ ನೋಡಾಕತ್ತೀರಿ?” ಜೋರಾಗಿಯೇ ಕೇಳಿದೆ.

ಮುಂದಿನ ಸೀಟಿನವರೆಲ್ಲ ತಿರುಗಿದರು. ಅವನ ಕಿವಿ ಕೆಂಪಾದವು.

“ಪುಸ್ತಕ ನೋಡಾಕತ್ತೇನ್ರಿ. ಮೂರನೇದು ಅಲ್ಲೇನು? ಎರಡನೇದು ಓದೀರಿ?”

“ಇಲ್ಲ. ಅದು ಕಳದೈತಿ.”

“ಮತ್ತ ಇದು ಹ್ಯಾಂಗ ತಿಳೀತೈತಿ?”

“ನಡುವಿನ ಕಥಿ ನಾನ ಕಟ್ಕೊಂಡೇನಿ.”

ಅದು ಆಕಾಶಹಡಗಿನ ಕಥೆ. ಮೊದಲ ಭಾಗದ ಕೊನೆಗೆ ನಾಯಕಿ ಒಬ್ಬಳೇ ಒಂದು ಬರಡು ಗ್ರಹಕ್ಕೆ ಬಂದು ಬೀಳುತ್ತಾಳೆ. ಮೂರನೆಯದು ಶುರುವಾಗುವಾಗ ಅವಳಿಗೆ ಗಂಡನಿದ್ದಾನೆ. ಅವನು ಎಲ್ಲಿಂದ ಬಂದ, ಅವಳು ಹೇಗೆ ಒಪ್ಪಿದಳು, ಎಲ್ಲ ಕಳೆದುಹೋದ ಭಾಗದಲ್ಲಿ.

ಕಂಬಿ ಹಿಡಿದು ನಿಂತವನು ಆ ಭಾಗ ಓದಿದ್ದನಂತೆ. ಹೇಳಲು ಬಾಯಿ ತೆರೆದ.

“ಹೇಳಬ್ಯಾಡ್ರಿ,” ಎಂದೆ. “ಎರಡನೇ ಭಾಗದ ಹಣೇಬರಹ ನನಗ ಗೊತ್ತೈತಿ. ಮೊದಲನೇದರಾಗ ಶ್ಯಾಣ್ಯಾ ಆದವರು ಮತ್ತ ದಡ್ಡ ಆಗ್ತಾರ. ಸತ್ತವರು ಎದ್ದು ಬರ್ತಾರ. ಯುದ್ಧ ದೊಡ್ಡದಾಗ್ತೈತಿ, ಮನುಷ್ಯಾರು ಸಣ್ಣ ಆಗ್ತಾರ. ಕಥಿ ಮುಗದಮ್ಯಾಲೂ ಎಳೀತಾರಲ್ಲ, ಅವರಿಗೆ ನಾಚಿಕಿ ಇರೂದಿಲ್ಲ.”

“ಎಲ್ಲಾವೂ ಹಂಗ ಇರೂದಿಲ್ರಿ. ಮೊದಲನೇದರಾಗ ಬರೇ ಊರು ತೋರಸ್ತಾರ. ಮಂದಿ ಪರಿಚಯ ಆಗೂದು ಎರಡನೇದರಾಗ.”

ನನ್ನ ಬಾಯಿ ಕಟ್ಟುವ ಗಂಡಸರು ನನಗೆ ಸಾಮಾನ್ಯವಾಗಿ ಸೇರುವುದಿಲ್ಲ.

“ನಿಮ್ಮದು ಹೇಳ್ರಿ ನೋಡೂನು,” ಅಂದ.

ಮರುದಿನದಿಂದ ಹೇಳತೊಡಗಿದೆ. ಅವನು ಸಿಂದಗಿಯ ಹೈಸ್ಕೂಲೊಂದರಲ್ಲಿ ಅತಿಥಿ ಶಿಕ್ಷಕ, ಹೆಸರು ಮಾಳಿಂಗ. ನಮ್ಮ ಸೀಟಿನ ಪಕ್ಕ ಕಂಬಿ ಹಿಡಿದು ನಿಲ್ಲುತ್ತಿದ್ದ. ಬಸ್ಸು ತಗ್ಗಿಗೆ ಇಳಿದರೆ ಬಾಗುತ್ತಿದ್ದ, ಮತ್ತೆ ನೆಟ್ಟಗಾಗುತ್ತಿದ್ದ. ಕಣ್ಣು ಮಾತ್ರ ನನ್ನ ಮುಖ ಬಿಡುತ್ತಿರಲಿಲ್ಲ. ಕಥೆ ಕೇಳುವವರ ಕಣ್ಣು ಹಾಗೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸಗೀರಾ ಕಿಟಕಿಯಾಚೆಯ ತೊಗರಿ ಹೊಲ ನೋಡುತ್ತ ನಗುತ್ತಿದ್ದಳು.

“ಆ ಗಂಡ ಯಾವಾಗ ಬರ್ತಾನ್ರಿ?”

“ಬರ್ತಾನ. ಮೊದಲ ಆಕಿ ನೀರು ಹುಡುಕಲಿ.”

ಗಂಡನಾಗಬೇಕಾದವನು ಬಂದ. ಇಬ್ಬರೂ ಕೂಡಿ ನೀರು ಹುಡುಕಿದರು, ಶತ್ರುಗಳನ್ನು ಓಡಿಸಿದರು. ಇನ್ನು ಇಬ್ಬರೂ ಒಪ್ಪಿಕೊಂಡರೆ ಕಥೆ ಮುಗಿಯಿತು. ಮುಗಿದರೆ ಮಾಳಿಂಗ ಈ ಕಂಬಿಯ ಹತ್ತಿರ ನಿಲ್ಲಲು ಕಾರಣವೇ ಇಲ್ಲ. ಇದು ಹೊಳೆದ ದಿನ ನಾನು ಶತ್ರುಗಳನ್ನು ವಾಪಸ್ ಕರೆತಂದೆ. ಆಮೇಲೆ ಒಂದು ರೋಗ ತಂದೆ. ಸತ್ತ ಸೇನಾಪತಿಯನ್ನೂ ಎಬ್ಬಿಸಿದೆ.

“ಏ ಭಾಗ್ಯಾ, ಅವ ಸತ್ತಿದ್ನಲ್ಲ?” ಸಗೀರಾ ಪಿಸುಗುಟ್ಟಿದಳು.

“ಸುಮ್ಕಿರ.”

ಒಂದು ಸೋಮವಾರ, ಕಥೆಯಲ್ಲಿ ಹಸಿರು ಬಟ್ಟೆಯ ಸೈನ್ಯ ಬಂದಾಗ, ಮಾಳಿಂಗ ತಡೆದ.

“ಇವರು ಹ್ವಾದ ವಾರದ ಮಂದೀನ ಅಲ್ರಿ? ಬರೇ ಅಂಗಿ ಬದಲಿ ಆಗ್ಯಾವ.”

ನಾನು ಕಿಟಕಿಯ ಕಡೆ ತಿರುಗಿದೆ. ಅವನು ಬಿಡಲಿಲ್ಲ.

“ಕಥಿ ಎಳಿಯೋರಿಗೆ ನಾಚಿಕಿ ಇರೂದಿಲ್ಲ ಅಂತ ಯಾರೋ ಅಂದಿದ್ರು.”

“ನಾನ ಅಂದಿದ್ದೆ. ಈಗ ನನಗೂ ಇಲ್ಲ.” ಸುತ್ತಿಬಳಸಿ ಮಾತಾಡುವುದು ನನಗೆ ಬರುವುದಿಲ್ಲ. “ಕಥಿ ಮುಗದ್ರ ನೀವು ಹಿಂದ ಹೋಗಿ ನಿಂದರ್ತೀರಿ. ಅದಕ್ಕ ಎಳಿಯಾಕತ್ತೇನಿ.”

ಸಗೀರಾಳ ನಗು ನಿಂತಿತು. ಮಾಳಿಂಗ ಕಂಬಿಯ ಮೇಲೆ ಕೈ ಬದಲಿಸಿದ.

“ಅಸಲಿ ಪುಸ್ತಕದಾಗ ಅವರ ಲಗ್ನಾ ಒಂದ ಸಾಲಿನಾಗ ಮುಗಸ್ಯಾರ್ರಿ. ಓದಿ ಹೊಟ್ಟಿ ಉರದಿತ್ತು. ನೀವು ಹ್ಯಾಂಗ ಹೇಳ್ತೀರಿ ಅಂತ ಕೇಳಾಕ ನಿಂತೆ. ಆಮ್ಯಾಲ ಅರ್ಧಾ ಕಥಿ ಕಿವ್ಯಾಗ ಬೀಳೂದ ಬಿಡ್ತು.” ಅವನ ಕಣ್ಣು ಮೊದಲ ಸಲ ಬೇರೆ ಕಡೆ ಹೋಯಿತು. “ಮುಗಸ್ರಿ. ನಾ ಹಿಂದ ಹೋಗೂದಿಲ್ಲ.”

ಹಸಿರು ಸೈನ್ಯವನ್ನು ಬಯಲಲ್ಲೇ ಬಿಟ್ಟೆ.

“ಒಂದಿನ ಆಕೀನ ಅವನ್ನ ಕೇಳ್ತಾಳ, ನನ್ನ ಜೋಡಿ ಇರ್ತೀಯೇನು ಅಂತ,” ಎಂದೆ. “ಅವ ಏನಂತಾನ?”

“ನನ್ನ ಕೇಳಿದ್ರ, ಇರ್ತೇನಿ ಅಂತಾನ.”

ಸಗೀರಾ ಎದ್ದು ನಿಂತಳು. “ಕುಂದರ್ರಿ ಸರ. ಇಬ್ಬರ ಕಥಿ ಕೇಳಿ ಕೇಳಿ ನನ್ನ ಕಾಲು ಜೋಮು ಹಿಡದಾವ.”

“ಮಂದಿ ನೋಡ್ತಾರ,” ಎಂದ ಅವನು.

“ಇಷ್ಟ ದಿನ ಮಂದಿ ಕಣ್ಣು ಮುಚ್ಚಿದ್ರೇನು?” ಎಂದಳು ಸಗೀರಾ.

ಅವಳಿಗೆ ಆಗ ನಾನು ಥ್ಯಾಂಕ್ಸ್ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಅವನು ಕುಳಿತ, ನಡುವೆ ಬ್ಯಾಗಿಟ್ಟುಕೊಂಡು. ಮಾತಾಡಲು ಈಗ ಕಥೆಯ ನಾಯಕಿಯೂ ಇರಲಿಲ್ಲ, ಗ್ರಹವೂ ಇರಲಿಲ್ಲ. ಹತ್ತಿರದಿಂದ ನೋಡಿದರೆ ಅವನ ಹುಬ್ಬಿನಲ್ಲೊಂದು ಹಳೆಯ ಗಾಯದ ಗುರುತಿತ್ತು.

“ಮನ್ಯಾಗ ಯಾರ್ಯಾರು ಅದೀರಿ?” ಕೇಳಿದೆ.

“ಅಪ್ಪ, ಅವ್ವ, ಅಕ್ಕ, ಒಂದು ಹಿಂಡು ಕುರಿ.”

“ಹಂಗ ಒಂದ ಸಾಲಿನಾಗ ಮುಗಸಬ್ಯಾಡ್ರಿ,” ಎಂದೆ. “ಸಿಂದಗಿ ಇನ್ನೂ ದೂರ ಐತಿ.”