ಬಂಡೆಯ ಕಡೆಗೆ ಬಾಗಿಲು

ಇದು ನಡೆದದ್ದೇ. ಒಂದಕ್ಷರ ಸುಳ್ಳು ಸೇರಿಸಿದ್ದರೆ ಈಗಿಂದೀಗಲೇ ನನ್ನ ನಾಲಿಗೆ ಬಿದ್ದುಹೋಗಲಿ. ನೋಡಿ, ಬೀಳಲಿಲ್ಲ. ಹಾಗಾದರೆ ಮುಂದೆ ಕೇಳಿ.

ಒಂದು ಮೀಸಲು ಕಾಡು. ಅದರ ನಡುವೆ ಕೆರೆ. ಕೆರೆಯ ದಂಡೆಯಲ್ಲಿ ಅಜ್ಜಂದಿರ ಕಾಲದ ಒಂದು ಕ್ಯಾಂಪು. ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿದ ಕುಟೀರಗಳು, ಮಧ್ಯೆ ದೊಡ್ಡ ಅಡುಗೆ ಹಜಾರ. ಯಾವುದೋ ಕಾಲದಲ್ಲಿ ಮುಚ್ಚಿಹೋಗಿತ್ತು. ಮುಚ್ಚಿದ ಮೇಲೆ ಅಲ್ಲಿ ಎಷ್ಟು ಪಾಚಿ ಬೆಳೆಯಿತೆಂದರೆ, ಒಂದು ಜಿಂಕೆ ಹಜಾರದ ಚಾವಣಿಯನ್ನು ಗುಡ್ಡ ಅಂದುಕೊಂಡು ಹತ್ತಿ ಮೇಯುತ್ತಿತ್ತು.

ಅದನ್ನು ರಿಪೇರಿ ಮಾಡಿ ಮತ್ತೆ ತೆರೆಯಬೇಕೆಂದು ಇಲಾಖೆಯವರು ಹೊರಟರು. ಕೆಲಸದ ಮೊದಲ ದಿನ ಇಂಜಿನಿಯರ್ ಒಂದು ಕುಟೀರದ ಚಾವಣಿ ಹತ್ತಿ, ಕುಕ್ಕರಗಾಲಲ್ಲಿ ಕೂತು ಹಲಗೆ ತಟ್ಟಿ ನೋಡುತ್ತಿದ್ದ.

ಕೆಳಗೆ ಒಬ್ಬಳು ಬಂದು ನಿಂತಳು. ಸೊಂಟದಲ್ಲಿ ಉಳಿ, ಕೈಯಲ್ಲಿ ಸುತ್ತಿಗೆ. ತಲೆ ಎತ್ತಿ ಅವನ ಮುಖ ನೋಡಿದಳು.

'ಇವನೇ...! ಇವನೇ ಅವನು!'

ಅವನು ಹತ್ತಿದ್ದ ಏಣಿ ಎತ್ತಿ ಹೆಗಲ ಮೇಲಿಟ್ಟುಕೊಂಡು ಹೊರಟಳು.

"ರೀ... ರೀ! ಏಣಿ ರೀ!"

"ಮಟ್ಟ ಇರ್ಲಿಲ್ಲ ಸಾರ್, ಅಪಾಯ! ನಿಮ್ಮ ಒಳ್ಳೇದಕ್ಕೇ ತೆಗೆದೆ."

ಮಧ್ಯಾಹ್ನದವರೆಗೆ ಅವನು ಅಲ್ಲೇ ಕೂತಿದ್ದ. ಒಂದು ಕಾಗೆ ಅವನ ತಲೆಯ ಮೇಲೆ ಕೂತು, ಕೂದಲು ಕೆದಕಿ, ಸಂಸಾರ ಹೂಡಲು ಜಾಗ ಚೆನ್ನಾಗಿದೆಯೇ ಎಂದು ನೋಡಿ ಹೋಯಿತು.

ಅವಳು ಬಡಗಿಗಳ ಮೇಸ್ತ್ರಿ. ನಾಲಿಗೆಗೆ ಹೆದರಿ ಎಲ್ಲರೂ ಅವಳನ್ನು ಗರಗಸ ಅನ್ನುತ್ತಿದ್ದರು. ಇಂಜಿನಿಯರನ ಜೇಬಿನಲ್ಲಿ ಸದಾ ರಸಮಟ್ಟ. ಅದೇ, ಗಾಜಿನ ನಳಿಗೆಯೊಳಗೆ ಗುಳ್ಳೆ ಓಡಾಡುತ್ತದಲ್ಲ, ಆ ಅಳತೆಗೋಲು. ಹಾಗಾಗಿ ಅವನ ಹೆಸರೂ ರಸಮಟ್ಟ.

ಇಷ್ಟು ಸಿಟ್ಟು ಯಾಕೆ ಅಂತೀರಾ?

ಅವಳ ಅಪ್ಪ ಆಗ ಈ ಕ್ಯಾಂಪಿನ ಕಾವಲುಗಾರ. ಕೆರೆಯ ಕಡೆಗೆ ಬಾಗಿಲಿದ್ದ ಕುಟೀರದಲ್ಲಿ ಅವರ ವಾಸ, ಅವಳು ಹುಟ್ಟಿದ್ದೂ ಅಲ್ಲೇ. ಅವಳಿನ್ನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದಾಗ ಒಬ್ಬ ಬಡಕಲು ಹೊಸ ಇಂಜಿನಿಯರ್ ಬಂದ. ಹಜಾರದ ಹೊಸ್ತಿಲ ಮೇಲೆ ರಸಮಟ್ಟ ಇಟ್ಟ. ಗುಳ್ಳೆ ಪಕ್ಕಕ್ಕೆ ಓಡಿತು. "ವಾಲಿದೆ. ಎಲ್ಲಾ ಮುಚ್ಚಿ" ಅಂದ. ಅಷ್ಟೇ!

ಅಪ್ಪ ಊರಿಗೆ ಬಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆ ಸೇರಿದ. ಊರವರ ಬಾಯಿ ಸುಮ್ಮನಿರುತ್ತದೆಯೇ? "ಕಾವಲುಗಾರ ತಿಂದು ಮಲಗಿದ, ಕ್ಯಾಂಪು ಹಾಳಾಯ್ತು" ಅಂದರು. ಅಂದಿನಿಂದ ಅಪ್ಪ ಎಲ್ಲಿ ಹೋದರೂ ಹಿಂದಿನ ಸಾಲಲ್ಲಿ, ತಲೆ ತಗ್ಗಿಸಿ ಕೂರುವುದು.

'ಎಲ್ಲರೆದುರು ಅಪ್ಪನ ಮಾನ ಹೋಯ್ತು. ಎಲ್ಲರೆದುರೇ ಇವನ ಮಾನ ಹೋಗ್ಬೇಕು. ಅಪ್ಪ ಅದನ್ನ ಕಣ್ಣಾರೆ ನೋಡ್ಬೇಕು!'

ಆಮೇಲೆ ಶುರುವಾಯಿತು ನೋಡಿ. ಅವನ ಟೀಗೆ ಸಕ್ಕರೆ ಬದಲು ಉಪ್ಪು ಹಾಕಿದಳು. ಅವನು ಕೊನೆಯ ಹನಿಯವರೆಗೆ ಕುಡಿದು, "ಇನ್ನೊಂದು ಲೋಟ ಸಿಗುತ್ತಾ?" ಅಂದ. ಕುರ್ಚಿಗೆ ಮರದ ಅಂಟು ಬಳಿದಳು. ಅವನು ಕುರ್ಚಿಯ ಸಮೇತ ಎದ್ದು, ಕುರ್ಚಿಯ ಸಮೇತ ಇಡೀ ಕ್ಯಾಂಪು ಸುತ್ತಿ, ಆಯಾಸವಾದಾಗ ಅಲ್ಲಲ್ಲೇ ಕೂತು ಸುಧಾರಿಸಿಕೊಂಡ!

"ಯಾಕಮ್ಮಾ, ಆ ಬಡಪಾಯಿ ಮೇಲೆ ಹೀಗೆ ಹರಿಹಾಯ್ತೀಯ?" ಅವಳ ಜೊತೆ ಕೆಲಸಕ್ಕೆ ಬಂದಿದ್ದ ಸೋದರಮಾವ ಕೇಳಿದ.

"ಬಡಪಾಯಿ ಅಲ್ಲ ಮಾವ. ಮುಖ ಮಾತ್ರ ಹಾಗಿದೆ."

"ಮುಖ ಚೆನ್ನಾಗೇ ಇದೆ ಬಿಡು."

"ಮಾವ!"

ಅಷ್ಟರಲ್ಲಿ ಒಂದು ಫಜೀತಿ ಆಯಿತು. ಹಜಾರದ ಸೂರಿನಡಿ ಹಕ್ಕಿಯೊಂದು ಮೊಟ್ಟೆ ಇಟ್ಟಿತು. ಮೀಸಲು ಕಾಡಿನ ಕಾನೂನು ಅಂದರೆ ಕಾನೂನು. ಮರಿ ಹಾರುವವರೆಗೆ ಅಲ್ಲಿ ಸುತ್ತಿಗೆ ಬಡಿಯುವಂತಿಲ್ಲ, ಕೂಗುವಂತಿಲ್ಲ. ಕೈಯಲ್ಲೇ ನಿಧಾನ ಉಜ್ಜಬೇಕು. ಮಾತಾಡಬೇಕಾದರೆ ಕಿವಿಯಲ್ಲಿ ಆಡಬೇಕು.

ಇಂಜಿನಿಯರ್ ಏನು ಹೇಳಬೇಕಿದ್ದರೂ ಮೇಸ್ತ್ರಿಗೇ ಹೇಳಬೇಕಲ್ಲ? ಬಗ್ಗಿ, ಅವಳ ಕಿವಿಯ ಹತ್ತಿರ ಬಂದು, ಮೆಲ್ಲಗೆ...

"ಆ ತೊಲೆ... ಸ್ವಲ್ಪ ಎಡಕ್ಕೆ..."

ಅವಳ ಕಿವಿ ಕೆಂಪಾಯಿತು.

"ಎಡಕ್ಕೆ ಅಂದ್ರೆ ಎಷ್ಟು? ನೆಟ್ಟಗೆ ಹೇಳೋಕೆ ಬರಲ್ವಾ?" ಅವಳೂ ಪಿಸುದನಿಯಲ್ಲೇ ಬೈದಳು. ಪಿಸುದನಿಯಲ್ಲಿ ಬೈದರೆ ಬೈಗುಳ ಹೇಗೆ ಕೇಳಿಸುತ್ತದೆ ಗೊತ್ತಲ್ಲ? ಅವನು ನಕ್ಕ.

'ಥೂ! ಶತ್ರು ಕಣೇ ಅವನು! ತೊಲೆ ಎಡಕ್ಕೆ ಅಂದ್ರೆ ಎದೆ ಯಾಕೆ ಹೊಡ್ಕೋಬೇಕು ನಿಂದು?'

ಮರಿಗಳು ಹಾರಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಇವರಿಬ್ಬರ ಮುಖ ಮಾತ್ರ ಬಾಡಿತ್ತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟನ್ನೂ ಸೇರಿಸಿ ಅವನ ಲೆಕ್ಕಕ್ಕೇ ಬರೆದಳು!

ಆಗ ಬಂತು ಕಾವಲುಗಾರನ ಕುಟೀರದ ಸರದಿ.

ಹಳೇ ಕಟ್ಟಡದ ಕೆಲಸ ಹೀಗಿರುತ್ತದೆ: ದಿಮ್ಮಿಗಳನ್ನೆಲ್ಲ ಗುರುತು ಹಾಕಿ ಬಿಚ್ಚಬೇಕು, ಕೊಳೆತದ್ದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಇದ್ದ ಜಾಗಕ್ಕೇ ಕೂರಿಸಬೇಕು. ಬಡಗಿಗಳು ಮನೆಯೊಳಗೆ ನಿಂತು, ಒಲೆಯ ಗೋಡೆ ಒಂದು, ಅದರ ಬಲಕ್ಕೆ ಎರಡು, ಹೀಗೆ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿದ್ದರು. ಮತ್ತೆ ಕಟ್ಟಿಸುವ ದಿನ ರಸಮಟ್ಟ ಹೊರಗೆ ನಿಂತಿದ್ದ. "ಒಂದು ಇಲ್ಲಿ. ಅದರ ಬಲಕ್ಕೆ ಎರಡು" ಅಂದ.

ಒಳಗೆ ನಿಂತವರ ಬಲಕ್ಕೆ ಕೆರೆ. ಹೊರಗೆ ನಿಂತವರ ಬಲಕ್ಕೆ ಬಂಡೆ!

ಎರಡನೆಯ ಗೋಡೆಯಲ್ಲೇ ಬಾಗಿಲು ಇದ್ದದ್ದು. ಹಾಗೇ ಕಟ್ಟಿದರೆ ಬಾಗಿಲು ತೆರೆದವರು ಬಂಡೆಗೆ ಮೂಗು ಗುದ್ದಿಕೊಳ್ಳಬೇಕು.

ಸೋದರಮಾವ ಬಾಯಿ ತೆರೆದ. ಅವಳು ಒಂದು ನೋಟ ಬಿಟ್ಟಳು. ಅವನು ಆಕಳಿಸಿದಂತೆ ಮಾಡಿ ಬಾಯಿ ಮುಚ್ಚಿಕೊಂಡ.

'ಕಟ್ಟಲಿ... ಉದ್ಘಾಟನೆ ದಿನ ಊರೇ ಬಂದು ನಗ್ಲಿ!'

ಅವಳು ಹುಟ್ಟಿದ ಮನೆ ಅದು. ತಿರುಗುಮುರುಗಾಗಿ ಏಳುತ್ತಿತ್ತು. ಎಷ್ಟೋ ಸಲ "ನಿಲ್ಸಿ" ಅನ್ನುವ ಮಾತು ತುಟಿಯವರೆಗೆ ಬಂತು. ನುಂಗಿದಳು.

ಉದ್ಘಾಟನೆಯ ಬೆಳಿಗ್ಗೆ ಊರಿಗೆ ಊರೇ ನೆರೆಯಿತು. ಬ್ಯಾಂಡಿನವರು ಬಂದರು. ಇಲಾಖೆಯ ದೊಡ್ಡ ಮೇಡಂ ಕತ್ತರಿ ಹಿಡಿದು ಬಂದರು. ಅವಳು ಅಪ್ಪನನ್ನು ಸುಳ್ಳು ಹೇಳಿ ಕರೆತಂದಿದ್ದಳು. ಅವನು ಹಿಂದಿನ ಸಾಲಿನಲ್ಲಿ ನೆಲ ನೋಡುತ್ತಾ ಕೂತ.

ಮೇಡಂ ಕುಟೀರದ ಮುಂದೆ ನಿಂತರು. ಬರೀ ಗೋಡೆ. ಪಕ್ಕಕ್ಕೆ ಹೋದರು. ಅಲ್ಲೂ ಗೋಡೆ.

"ಏನ್ರೀ ಇದು? ಬಾಗಿಲೆಲ್ಲಿ?"

ಬಾಗಿಲು ಹುಡುಕಲು ಹಿಂದೆ ಹೋದ ಬ್ಯಾಂಡಿನವನ ದೊಡ್ಡ ಡ್ರಮ್ಮು ಬಂಡೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಅವನು ಎಳೆದಂತೆಲ್ಲ ಅದು ಢಂ ಢಂ ಅಂದಿತು. ಜನ ಹೊಟ್ಟೆ ಹಿಡಿದು ನಕ್ಕರು.

ಅವಳು ಕಣ್ಣರಳಿಸಿ ರಸಮಟ್ಟನನ್ನೇ ನೋಡಿದಳು. 'ಈಗ ಬೆವರ್ತಾನೆ... ಈಗ ತೊದಲ್ತಾನೆ...'

ಅವನು ನೆಟ್ಟಗೆ ಮುಂದೆ ಬಂದ.

"ತಪ್ಪು ನಂದೇ ಮೇಡಂ. ಆದ್ರೆ ಈ ಜಾಗದಲ್ಲಿ ಇದಕ್ಕಿಂತ ದೊಡ್ಡ ತಪ್ಪೊಂದು ಮಾಡಿದ್ದೀನಿ. ಅದನ್ನ ಮೊದಲು ಹೇಳ್ಬೇಕು."

ಕುರ್ಚಿಗಳ ನಡುವೆ ನಡೆದು ಹಿಂದಿನ ಸಾಲಿಗೆ ಹೋಗಿ, ಅವಳ ಅಪ್ಪನ ಮುಂದೆ ಕೈಕಟ್ಟಿ ನಿಂತ.

"ಹಜಾರದ ಕಂಬ ಕೊಳೀತಿದೆ ಅಂತ ನೀವು ಎಷ್ಟೋ ಸಲ ಬಂದು ಹೇಳಿದ್ರಿ. ಆಫೀಸಲ್ಲಿ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಹಜಾರ ಒಂದನ್ನ ಮುಚ್ಚಿದ್ರೆ ಸಾಕಿತ್ತು. ನಾನು ಹೊಸಬ... ಹೆದರಿ ಎಲ್ಲಾ ಮುಚ್ಚಿಸ್ದೆ. ಜನ ನಿಮ್ಮನ್ನ ಬೈದಾಗ ನಿಜ ಗೊತ್ತಿದ್ದೂ ಸುಮ್ಮನಿದ್ದೆ. ತಪ್ಪಾಯ್ತು."

ಡ್ರಮ್ಮಿನವನು ಎಳೆಯುವುದನ್ನು ಬಿಟ್ಟು ಕತ್ತು ಚಾಚಿದ.

ಅಪ್ಪ ನಿಧಾನಕ್ಕೆ ತಲೆ ಎತ್ತಿದ.

"ಇನ್ನೊಂದ್ಸಲ ಹೇಳಿ ಸಾರ್. ಜೋರಾಗಿ. ಮುಂದಿನ ಸಾಲಿನವ್ರಿಗೆ ಕೇಳಿಸ್ಲಿಲ್ಲ."

ಅವನು ಜನರ ಕಡೆ ತಿರುಗಿ, ಕೆರೆಯ ಆಚೆ ದಂಡೆಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿದ. ಅಪ್ಪ ಎದ್ದ. ಮುಂದಿನ ಸಾಲಿಗೆ ನಡೆದ. ಹಿಂದೆ ಆಡಿಕೊಂಡಿದ್ದ ಗಿರಣಿ ಮಾಲೀಕನನ್ನು, "ಸ್ವಲ್ಪ ಸರೀರಿ" ಅಂದು ಸರಿಸಿ, ಕಾಲ ಮೇಲೆ ಕಾಲು ಹಾಕಿ ಕೂತ!

ಅವಳ ಕಣ್ಣು ತುಂಬಿತು. 'ನನ್ನ ಸೇಡನ್ನ ಇವನೇ ತೀರಿಸಿಬಿಟ್ಟನಲ್ಲ... ಪಾಪಿ!'

ಅವಳೂ ಮುಂದೆ ಬಂದಳು. "ಮೇಡಂ, ಬಾಗಿಲಿನ ತಪ್ಪು ಅವ್ರೊಬ್ಬರದೇ ಅಲ್ಲ. ನಾನು ನೋಡಿದ್ದೆ. ಬೇಕಂತಲೇ ಬಾಯಿ ಬಿಡ್ಲಿಲ್ಲ."

ಮೇಡಂ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಬಿಚ್ಚಿ. ಮೊದ್ಲು ಹೇಗಿತ್ತೋ ಹಾಗೇ ಕಟ್ಟಿ, ನಿಮ್ಮಿಬ್ಬರ ಸ್ವಂತ ಬೆವರಲ್ಲಿ. ಮುಗಿಯೋವರೆಗೆ ಇಬ್ಬರೂ ಇಲ್ಲಿಂದ ಕದಲಂಗಿಲ್ಲ!"

ಜನ ಹೋದ ಮೇಲೆ ಇಬ್ಬರೂ ಕೆರೆಯ ದಂಡೆಯಲ್ಲಿ ಕೂತರು. ನಡುವೆ ಒಂದು ದಿಮ್ಮಿಯಷ್ಟು ಜಾಗ.

"ಇಷ್ಟು ದಿನ ನನ್ನ ಹತ್ರ ಯಾಕೆ ಹೇಳ್ಲಿಲ್ಲ ನೀವು?"

"ನೀವು ಕಾವಲುಗಾರರ ಮಗಳು ಅಂತ ಗೊತ್ತಿತ್ತು. ಆದ್ರೆ ನಿಮ್ಮೊಬ್ಬರ ಹತ್ರ ಗುಟ್ಟಲ್ಲಿ ಹೇಳಿ ಪಾರಾಗೋ ತಪ್ಪಾ ಅದು? ಎಲ್ಲರ ಮುಂದೆ ಹೇಳ್ಬೇಕಿತ್ತು."

ಅವಳು ಒಂದು ಹುಲ್ಲು ಕಿತ್ತಳು. "ಬಾಗಿಲು ಉಲ್ಟಾ ಆಗಿದ್ದು... ಇವತ್ತೇ ಗೊತ್ತಾಗಿದ್ದಾ?"

"ಇಲ್ಲ. ಎರಡನೇ ಗೋಡೆ ಎದ್ದ ದಿನಾನೇ."

"ಏನು! ಮತ್ತೆ ಯಾಕೆ ನಿಲ್ಲಿಸ್ಲಿಲ್ಲ?"

"ಸರಿಯಾಗಿ ಕಟ್ಟಿದ್ರೆ ಕೆಲಸ ಮುಗೀತಿತ್ತು. ನೀವು ಊರಿಗೆ ಹೊರಟು ಹೋಗ್ತಿದ್ರಿ..."

ಅವಳು ಕೈಯಲ್ಲಿದ್ದ ಹುಲ್ಲನ್ನು ಅವನ ಮೇಲೆ ಎಸೆದಳು.

"ಎಲಾ ಕಳ್ಳ! ಇಡೀ ಮನೇನೇ ತಿರುಗಿಸಿಬಿಟ್ರಾ ಇದಕ್ಕೆ? ಅಪ್ಪನ ಸೇಡು ಇವತ್ತಿಗೆ ಮುಗೀತು. ಈ ಮೋಸಕ್ಕೆ ಬೇರೆ ಸೇಡು. ನೋಡ್ತಿರಿ, ಜನ್ಮದಲ್ಲಿ ಬಿಡಲ್ಲ ನಿಮ್ಮನ್ನ!"

"ಬಿಡ್ಬೇಡಿ" ಅಂದ ಅವನು.

ನಡುವೆ ಇದ್ದ ಜಾಗ ಆಮೇಲೆ ಎಲ್ಲಿ ಹೋಯಿತೋ ನಾನು ನೋಡಲಿಲ್ಲ. ಮರ್ಯಾದಸ್ಥ, ಮುಖ ತಿರುಗಿಸಿಕೊಂಡೆ.

ಏಳಬೇಡಿ, ಕೂತ್ಕೊಳ್ಳಿ! ಟೀಗೆ ಉಪ್ಪು ಹಾಕಿದ್ದು ಹೇಳಿದಾಗ ನಿಮ್ಮ ತುಟಿಯ ತುದಿಯಲ್ಲಿ ಒಂದು ನಗು ಬಂತಲ್ಲ, ಅದನ್ನು ನಾನು ಕಂಡೆ. ಯಾರ ನೆನಪಾಯಿತು? ಹೆಸರು ಹೇಳಿಯೇ ಇಲ್ಲಿಂದ ಹೊರಡಬೇಕು.