ಡಿಸೆಂಬರಿಗೆ ಸರಿದ ಹುಡುಗರು

ಜೂನ್ ಮೂರು, ಬುಧವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಪುರಸಭೆಯ ಮುಖ್ಯಾಧಿಕಾರಿಗಳು ಠಾಣೆಯ ಮೆಟ್ಟಿಲು ಹತ್ತಿದರು. ಯುದ್ಧ ಶುರುವಾದ ಮೇಲೆ ಅವರು ಬರುತ್ತಿದ್ದುದು ದೀಪ ಆರಿಸದ ಅಂಗಡಿಯವರ ಮೇಲೋ ಸೀಮೆಎಣ್ಣೆ ಸಾಲಿನ ಜಗಳದ ಮೇಲೋ ದೂರು ಹೇಳಲು. ಈ ಸಲ ಕೈಯಲ್ಲಿ ಸೇನಾ ಭರ್ತಿ ಕಚೇರಿಯ ಕಾಗದವಿತ್ತು, ಮುಖ ಬಿಳಿಚಿಕೊಂಡಿತ್ತು.

ಕಾಗದದ ಸಾರಾಂಶ ಇಷ್ಟೇ. ಹದಿನೆಂಟು ತುಂಬಿದ ಹುಡುಗರ ಪಟ್ಟಿಯನ್ನು ಪುರಸಭೆ ತನ್ನ ಜನನ ರಿಜಿಸ್ಟರ್ ನೋಡಿ ಪ್ರತಿ ತಿಂಗಳೂ ಕಳಿಸಬೇಕು. ಜನವರಿಯವರೆಗೆ ಪಟ್ಟಿ ಸರಿಯಾಗಿ ಬಂದಿದೆ. ಫೆಬ್ರವರಿಯಿಂದ ಮೇವರೆಗೆ ನಾಲ್ಕು ತಿಂಗಳೂ 'ಯಾರೂ ಇಲ್ಲ' ಎಂದು ಬಂದಿದೆ. ಎಂಟನೆಯ ತಾರೀಕು, ಸೋಮವಾರ ಲಾರಿ ಬರುತ್ತದೆ. ಅಷ್ಟರೊಳಗೆ ವಿವರಣೆಯೂ ಬೇಕು, ಹುಡುಗರೂ ಬೇಕು.

ಇನ್‌ಸ್ಪೆಕ್ಟರ್ ಈ ಊರಿಗೆ ವರ್ಗವಾಗಿ ಬಂದು ಇನ್ನೂ ಐದು ತಿಂಗಳು. ಕಾಗದ ಓದಿ ತಲೆ ಎತ್ತಿದರು.

"ಹದಿನೆಂಟು ವರ್ಷದ ಹಿಂದೆ ನಾಲ್ಕು ತಿಂಗಳು ಈ ಊರಲ್ಲಿ ಯಾರೂ ಹುಟ್ಟಲಿಲ್ವಾ?"

"ಹುಟ್ಟಿದ್ದಾರೆ ಸಾರ್. ಬರೀ ಹೆಣ್ಣುಮಕ್ಕಳು."

"ಗಂಡುಮಕ್ಕಳು?"

"ಆ ನಾಲ್ಕು ತಿಂಗಳಲ್ಲಿ ಒಬ್ಬನೂ ಇಲ್ಲ. ಡಿಸೆಂಬರಿನಲ್ಲಿ ನೋಡಿದ್ರೆ ಒಂದೇ ತಿಂಗಳಲ್ಲಿ ಮೂವತ್ತನಾಲ್ಕು."

ಬಾಗಿಲ ಬಳಿಯಿದ್ದ ಕಾನ್‌ಸ್ಟೇಬಲ್ ನಗು ತಡೆಯಲಾರದೆ ಅದನ್ನು ಕೆಮ್ಮು ಮಾಡಿಕೊಂಡ. ದೂರು ಬರೆದುಕೊಳ್ಳುತ್ತಿದ್ದ ದಫೇದಾರರು ನಗಲಿಲ್ಲ. ಅವರ ಒಬ್ಬನೇ ಮಗ ಹುಟ್ಟಿದ್ದು ಅದೇ ವರ್ಷ, ಮಾರ್ಚ್ ಹನ್ನೆರಡಕ್ಕೆ. ಈ ಮಾರ್ಚಿನಲ್ಲಿ ಅವನಿಗೆ ಹದಿನೆಂಟು ತುಂಬಿತ್ತು. ಸೇನೆಯ ಕಾಗದ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಲು ಅವರೂ ಹೋಗಲಿಲ್ಲ. ಸರ್ಕಾರಿ ಕೆಲಸ ಎಂದ ಮೇಲೆ ತಡವಾಗುವುದು ಇದ್ದದ್ದೇ ಎಂದು ಮೂರು ತಿಂಗಳು ಮನಸ್ಸಿಗೆ ತಾವೇ ಸಮಾಧಾನ ಹೇಳಿಕೊಂಡು ಬಂದಿದ್ದರು. ಈಗ ಎಫ್‌ಐಆರ್ ಬರೆಯುವ ಕೆಲಸವೂ ಅವರ ಕೈಗೇ ಬಂತು. ಅಕ್ಷರ ಮಾತ್ರ ಎಂದಿನಂತೆ ದುಂಡಗಿರಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಪುರಸಭೆಯ ದಾಖಲೆ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಎದುರಿನ ಸೈಕಲ್ ರಿಪೇರಿಯವನೂ ಪಕ್ಕದ ಬೆರಳಚ್ಚಿನವನೂ ಪಂಚರು. ಕಿಟಕಿಗಳ ಗಾಜಿಗೆ ಬಾಂಬಿನ ಭಯಕ್ಕೆ ಕರಿ ಕಾಗದ ಅಂಟಿಸಿದ್ದರಿಂದ ಹಗಲಲ್ಲೂ ದೀಪ ಉರಿಯುತ್ತಿತ್ತು. ಒಂದು ಗೋಡೆಯ ತುಂಬ ಜನನದ ಪುಸ್ತಕಗಳು, ಎದುರು ಗೋಡೆಯಲ್ಲಿ ಮರಣದವು. ಈಚೆಗೆ ಮರಣದ ಕಡೆಯ ಕಪಾಟು ಸಾಲದೆ ಪುಸ್ತಕಗಳು ನೆಲಕ್ಕೆ ಇಳಿದಿದ್ದವು. ಎರಡೂ ಗೋಡೆಗಳ ನಡುವೆ ಒಂದು ಮೇಜು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೂತು ಬರೆಯುತ್ತಿದ್ದ ಗುಮಾಸ್ತೆಯನ್ನು ಊರೆಲ್ಲ ದಾಖಲೆಯಕ್ಕ ಎನ್ನುತ್ತಿತ್ತು. ಕಮ್ಮಿ ಮಾತಿನ, ತಿದ್ದಿ ತೀಡಿದ ಅಕ್ಷರದ ಹೆಂಗಸು. ಗಂಡ ಎಂದೋ ತೀರಿಕೊಂಡಿದ್ದ. ಇದ್ದ ಒಬ್ಬ ಮಗ ಹೋದ ನವೆಂಬರಿನಲ್ಲಿ ಗಡಿಯಲ್ಲಿ ಸತ್ತಿದ್ದ.

ಇನ್‌ಸ್ಪೆಕ್ಟರ್ ಭೂತಗನ್ನಡಿ ಹಿಡಿದು ಆ ವರ್ಷದ ಪುಸ್ತಕವನ್ನು ಹಾಳೆ ಹಾಳೆ ನೋಡಿದರು. ಅಳಿಸಿದ್ದಿಲ್ಲ, ಕೆರೆದದ್ದಿಲ್ಲ, ತಿದ್ದಿದ್ದಿಲ್ಲ. ಎಲ್ಲ ದಾಖಲೆಯಕ್ಕನ ಬರಹವೇ, ಇರಬೇಕಾದ್ದೂ ಹಾಗೆಯೇ. ಕೇಳಿದರೆ ಆಕೆ, "ಬಂದದ್ದನ್ನ ಬರೀತೀನಿ ಸಾರ್" ಎಂದಳು, ಅಷ್ಟೇ. ಹೆರಿಗೆ ಆಸ್ಪತ್ರೆಯ ಕಡತ ನೋಡೋಣವೆಂದರೆ ಅದು ಹೋದ ವರ್ಷದ ಬಾಂಬಿಗೆ ಕಟ್ಟಡದ ಸಮೇತ ಸುಟ್ಟುಹೋಗಿತ್ತು.

ಆ ಮಧ್ಯಾಹ್ನ ಹನ್ನೊಂದು ಮನೆಗಳ ಬಾಗಿಲು ತಟ್ಟಿದರು. ಹನ್ನೊಂದು ತಾಯಂದಿರೂ ತಮ್ಮ ಮಗ ಡಿಸೆಂಬರಿನವನೇ ಎಂದು ಆಣೆಯಿಟ್ಟರು. ಇಡೀ ಊರೇ ಮಾತಾಡಿಕೊಂಡಂತಿತ್ತು. ಪೊದೆಯಂಥ ಮೀಸೆಯ ಹುಡುಗನೊಬ್ಬನನ್ನು ತೋರಿಸಿ ಇವನಿಗೆ ಎಷ್ಟು ಎಂದರೆ, ಅವನ ತಾಯಿ ಸ್ವಲ್ಪವೂ ಅಳುಕದೆ, ಅವರಪ್ಪನ ಕಡೆಯವರಿಗೆಲ್ಲ ಮೀಸೆ ಬೇಗ ಬರುತ್ತೆ ಎಂದಳು. ದಫೇದಾರರು ತಲೆ ಬಗ್ಗಿಸಿ ಹೇಳಿಕೆ ಬರೆದುಕೊಂಡರು. ಹನ್ನೆರಡನೆಯ ಮನೆ ದಫೇದಾರರದೇ. ಅಲ್ಲಿಗೆ ಇನ್‌ಸ್ಪೆಕ್ಟರ್ ಹೋಗಲಿಲ್ಲ. ಹೋಗಬೇಕೆಂದು ಅವರಿಗೆ ಗೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಪುಸ್ತಕದ ಡಿಸೆಂಬರಿನ ಹಾಳೆಗಳನ್ನು ನಕಲು ಮಾಡುವ ಕೆಲಸ ದಫೇದಾರರ ಪಾಲಿಗೆ ಬಂತು. ಹತ್ತೊಂಬತ್ತನೆಯ ಸಾಲು ಅವರ ಮಗನದು. ತಂದೆಯ ಹೆಸರು ಸರಿ, ತಾಯಿಯ ಹೆಸರು ಸರಿ. ಹುಟ್ಟಿದ ತಾರೀಕು ಡಿಸೆಂಬರ್ ಹನ್ನೆರಡು. ಪುಣ್ಯಾತ್ಮರು ಯಾರೋ ಹನ್ನೆರಡನ್ನು ಹಾಗೇ ಬಿಟ್ಟು ತಿಂಗಳನ್ನು ಮಾತ್ರ ಬದಲಿಸಿದ್ದರು. ಓದುತ್ತ ಓದುತ್ತ ವಿಳಾಸದ ಮೇಲೆ ಕಣ್ಣು ನಿಂತಿತು. ವಿಜಯ ಬೀದಿ, ಮನೆ ನಂಬರು ಏಳು.

ಹದಿನೆಂಟು ವರ್ಷದ ಹಿಂದೆ ವಿಜಯ ಬೀದಿ ಎಂಬುದೇ ಇರಲಿಲ್ಲ. ಆಗ ಅದು ಗಿರಣಿ ಬೀದಿ. ಯುದ್ಧ ಶುರುವಾದ ಮೊದಲ ವರ್ಷ, ಗೆಲುವು ಇನ್ನೇನು ಕೈಗೆ ಬಂದೇಬಿಟ್ಟಿತು ಎನ್ನುವ ಹುರುಪಿನಲ್ಲಿ ಪುರಸಭೆ ಠರಾವು ಮಾಡಿ ಹೆಸರು ಬದಲಿಸಿತ್ತು. ಅಧ್ಯಕ್ಷರು ಹಲಗೆ ನೆಟ್ಟು ಭಾಷಣ ಮಾಡಿದ್ದರು. ಬೀದಿಯವರು ಯಾರೂ ಆ ಹೆಸರು ಹೇಳಲಿಲ್ಲ, ಇವತ್ತಿಗೂ ಅದು ಗಿರಣಿ ಬೀದಿಯೇ. ಟಪಾಲಿನ ಮೇಲೆ ಗಿರಣಿ ಬೀದಿ ಎಂದೇ ಬರೆದು ಪುರಸಭೆಯ ಜವಾನ ಎರಡು ಸಲ ಮೆಮೊ ತಿಂದಿದ್ದ. ಠರಾವಿಗೆ ಬೆಲೆ ಕೊಟ್ಟು ಒಂದು ದಿನವೂ ತಪ್ಪದೆ ವಿಜಯ ಬೀದಿ ಎಂದು ಬರೆಯುತ್ತಿದ್ದುದು ಇಡೀ ಊರಿನಲ್ಲಿ ಒಂದೇ ಒಂದು ಕೈ.

ಎಂದರೆ ಪುಸ್ತಕವಿಡೀ ಈಚೆಗೆ ಹೊಸದಾಗಿ ಬರೆದದ್ದು. ಬರೆದವಳು ದಾಖಲೆಯಕ್ಕ. ಇನ್‌ಸ್ಪೆಕ್ಟರು ಹೊಸಬರು, ಅವರಿಗೆ ಗಿರಣಿ ಬೀದಿಯೂ ಗೊತ್ತಿಲ್ಲ, ವಿಜಯ ಬೀದಿಯೂ ಗೊತ್ತಿಲ್ಲ. ದಫೇದಾರರು ಹತ್ತೊಂಬತ್ತನೆಯ ಸಾಲನ್ನು ಇದ್ದ ಹಾಗೇ ನಕಲು ಮಾಡಿ ಇಪ್ಪತ್ತನೆಯದಕ್ಕೆ ಹೋದರು.

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತೇನೋ. ಆದರೆ ಮಧ್ಯಾಹ್ನ ಎರಡು ಗಂಟೆಗೆ ಜವಾನನನ್ನು ಠಾಣೆಗೆ ಕರೆತಂದರು. ದಾಖಲೆ ಕೋಣೆಯ ಬೀಗದ ಕೈ ಅವನ ಸೊಂಟದಲ್ಲಿರುತ್ತಿತ್ತು. ಅವನ ತಮ್ಮ ಡಿಸೆಂಬರಿನ ಮೂವತ್ತನಾಲ್ಕರಲ್ಲಿ ಒಬ್ಬ. ಸಾಲದ್ದಕ್ಕೆ ಯಾರ ಅಕ್ಷರವನ್ನಾದರೂ ಅವರದೇ ಎಂಬಂತೆ ಬರೆದು ತೋರಿಸಿ ಕಚೇರಿಯವರನ್ನು ನಗಿಸುವ ಚಾಳಿ ಅವನಿಗಿತ್ತು. ಮುಖ್ಯಾಧಿಕಾರಿಗಳ ಸಹಿ ಹಾಕಿ ಅವರಿಂದಲೇ ಭೇಷ್ ಅನ್ನಿಸಿಕೊಂಡಿದ್ದ. ಈಗ ಆ ಭೇಷ್ ಅವನ ಕುತ್ತಿಗೆಗೆ ಬಂತು.

"ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಸಾರ್."

"ದಾಖಲೆಯಕ್ಕನ ಅಕ್ಷರ ಬರೀತೀಯಾ?"

"ತಮಾಷೆಗೆ ಬರೀತಿದ್ದೆ ಸಾರ್."

"ನಿನ್ನ ತಮ್ಮ ಹುಟ್ಟಿದ್ದು ಯಾವಾಗ?"

ಅವನು ಬಾಯಿ ತೆರೆದ, ಮುಚ್ಚಿದ. ನಿಜ ಹೇಳಿದರೆ ತಮ್ಮ ಲಾರಿ ಹತ್ತಬೇಕು, ಸುಳ್ಳು ಹೇಳಿದರೆ ತಾನು ಜೈಲಿಗೆ ಹೋಗಬೇಕು. ಹೇಳದೆ ಸುಮ್ಮನೆ ಬೆಂಚಿನ ಮೇಲೆ ಕೂತ. ಇನ್‌ಸ್ಪೆಕ್ಟರ್ ಅದನ್ನೇ ತಪ್ಪೊಪ್ಪಿಗೆ ಎಂದುಕೊಂಡರು. ದಾಖಲೆಯಕ್ಕನ ಮೇಲೆ ಅವರಿಗೆ ಗುಮಾನಿ ಬರಲಿಲ್ಲ. ಮಗನನ್ನೇ ಕಳೆದುಕೊಂಡವಳಿಗೆ ಇದರಲ್ಲಿ ಏನು ಲಾಭ?

ಸಂಜೆ ಊಟದ ಹೊತ್ತಿಗೆ ದಫೇದಾರರು ಹೆಂಡತಿಗೆ ಮಾತ್ರ ಹೇಳಿದರು. ಮಗ ಹಿತ್ತಲಲ್ಲಿ ಶಿಳ್ಳೆ ಹಾಕುತ್ತ ಸೈಕಲ್ ತೊಳೆಯುತ್ತಿದ್ದ. ಅವಳು ಬಡಿಸುವ ಕೈ ನಿಲ್ಲಿಸಿ ಬಹಳ ಹೊತ್ತು ಆ ಶಿಳ್ಳೆ ಕೇಳಿಸಿಕೊಂಡಳು.

"ನೀವು ನೋಡಲಿಲ್ಲ ಅಂದ್ಕೊಳ್ಳಿ," ಎಂದಳು.

"ನೋಡಿದ್ದೀನಲ್ಲ."

"ಮೂವತ್ತೈದು ವರ್ಷದವರಿಗೇ ಕನ್ನಡಕ ಬರುತ್ತೆ. ನಿಮಗೆ ಐವತ್ತೆರಡು. ಕಾಣಿಸಲಿಲ್ಲ ಅಂದ್ರೆ ಯಾರು ಕೇಳ್ತಾರೆ?"

ಅವರು ತಟ್ಟೆ ಮುಟ್ಟಲಿಲ್ಲ. ಅವಳು ಹೇಳಿದ್ದು ತಪ್ಪು ಎಂದು ಅವರಿಗೆ ಅನ್ನಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಜವಾನನ ಹೆಂಡತಿ ಬುತ್ತಿ ಡಬ್ಬಿ ಹಿಡಿದು ಬಂದಳು. ದಫೇದಾರರು ಡಬ್ಬಿ ಬಿಚ್ಚಿ ನೋಡಬೇಕಿತ್ತು, ಅದು ನಿಯಮ. ಅವಳು ತಾನೇ ಬಿಚ್ಚಿ ತೋರಿಸಿ, "ಇವರು ಮಾಡಿಲ್ಲಣ್ಣ. ಮಾಡಿದ್ರೆ ನನಗೆ ಹೇಳದೆ ಇರ್ತಿರಲಿಲ್ಲ, ಇವರ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ" ಎಂದಳು. ಮಾತಿನಲ್ಲಿ ದೂರಿರಲಿಲ್ಲ. ಅಣ್ಣ ಎಂದು ಕರೆದಿದ್ದಳು, ಅಷ್ಟೇ. ಬೆಂಚಿನ ಮೇಲೆ ಜವಾನ ತಲೆ ಎತ್ತದೆ ತುತ್ತು ನುಂಗತೊಡಗಿದ. ನುಂಗಲಾರದೆ ಕೆಮ್ಮಿದ. ದಫೇದಾರರೇ ಎದ್ದು ಹೋಗಿ ನೀರು ತಂದುಕೊಟ್ಟರು. ಲೋಟ ವಾಪಸು ಇಟ್ಟವರು ನೇರ ಇನ್‌ಸ್ಪೆಕ್ಟರ ಕೋಣೆಗೆ ಹೋಗಿ ಸೆಲ್ಯೂಟ್ ಹೊಡೆದರು.

"ಸಾರ್, ಹತ್ತೊಂಬತ್ತನೇ ಸಾಲು ನೋಡಿ. ಅದು ನನ್ನ ಮಗ. ಹುಟ್ಟಿದ್ದು ಮಾರ್ಚ್ ಹನ್ನೆರಡು." ಆಮೇಲೆ ಬೀದಿಯ ವಿಷಯ ಹೇಳಿದರು.

ಇನ್‌ಸ್ಪೆಕ್ಟರ್ ಎದುರಿನ ಕುರ್ಚಿ ತೋರಿಸಿದರು. ಕೂತುಕೊಳ್ಳಿ ಎಂದರು. ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಯಾವ ಇನ್‌ಸ್ಪೆಕ್ಟರೂ ಅವರಿಗೆ ಕುರ್ಚಿ ಕೊಟ್ಟಿರಲಿಲ್ಲ. ಅವರು ಕೂರಲಿಲ್ಲ.

ಸಂಜೆ ನಾಲ್ಕು ಹತ್ತಕ್ಕೆ, ಅದೇ ಇಬ್ಬರು ಪಂಚರ ಎದುರು, ಪುಸ್ತಕವನ್ನು ದಾಖಲೆಯಕ್ಕನ ಮೇಜಿನ ಮೇಲೆ ತೆರೆದಿಟ್ಟರು. ಆಕೆ ಕನ್ನಡಕ ಏರಿಸಿಕೊಂಡು ವಿಳಾಸ ಓದಿದಳು. ಒಮ್ಮೆ ಓದಿ ಸಾಲದೆ ಮತ್ತೊಮ್ಮೆ ಓದಿದಳು.

"ಕೈಗೆ ರೂಢಿಯಾಗಿಬಿಟ್ಟಿದೆ," ಎಂದಳು. "ಜವಾನನನ್ನ ಬಿಟ್ಟುಬಿಡಿ ಸಾರ್. ಅವನ ಕೀಲಿ ನಾನು ಊಟದ ಹೊತ್ತಿಗೆ ಇಸ್ಕೊಳ್ತಿದ್ದೆ."

ಹಳೆಯ ಪುಸ್ತಕ ಎಲ್ಲಿ ಎಂದರೆ ಎದ್ದು ಹೋಗಿ ಮರಣದ ಕಪಾಟಿನ ಅಡಿಯಿಂದ ತೆಗೆದುಕೊಟ್ಟಳು. ಬಟ್ಟೆ ಸುತ್ತಿ, ದಾರ ಕಟ್ಟಿ, ಹುಳು ಹಿಡಿಯದಂತೆ ನುಸಿಗುಳಿಗೆ ಹಾಕಿ ಇಟ್ಟಿದ್ದಳು. ಸುಟ್ಟುಬಿಟ್ಟಿದ್ದರೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಕಾಪಾಡಿದ ದಾಖಲೆಗೆ ಬೆಂಕಿ ಇಡಲು ಆಕೆಗೆ ಕೈ ಬರಲಿಲ್ಲವಂತೆ.

"ನಾಲ್ಕು ತಿಂಗಳಿನವರನ್ನೂ ಪೂರ್ತಿ ತೆಗೆದಿದ್ದು ಯಾಕೆ?" ಎಂದರು ಇನ್‌ಸ್ಪೆಕ್ಟರ್. "ಐದಾರು ಜನ ಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಯಾವ ಐದಾರು ಜನನ ಸಾರ್? ಜೂನಿನಿಂದ ಆಚೆಯವರನ್ನೂ ಸರಿಸೋಳಿದ್ದೆ. ಆರಿಸೋಕೆ ನಾನ್ಯಾರು?"

"ಡಿಸೆಂಬರೇ ಯಾಕೆ?"

"ಅಷ್ಟರೊಳಗೆ ಯುದ್ಧ ಮುಗಿಯುತ್ತೆ ಅಂದ್ಕೊಂಡೆ."

ಉಳಿದದ್ದನ್ನು ಆಕೆ ಕೇಳದೆಯೇ ಹೇಳಿದಳು. ಮಗ ಹುಟ್ಟಿದ್ದು ಇದೇ ಪುಸ್ತಕದ ವರ್ಷ, ಜನವರಿ ಇಪ್ಪತ್ತೊಂದಕ್ಕೆ. ಗಂಡ ಹೋದ ಮೇಲೆ ಮಗುವನ್ನು ಮನೆಯಲ್ಲಿ ಬಿಟ್ಟು ಕಚೇರಿಗೆ ಬರಲು ದಿಕ್ಕಿರಲಿಲ್ಲ. ಶಾಲೆಗಾದರೂ ಸೇರಿಸೋಣವೆಂದರೆ ವಯಸ್ಸು ಎಂಟು ತಿಂಗಳು ಕಮ್ಮಿ. ಹಿಂದಿನ ವರ್ಷದ ಪುಸ್ತಕದಲ್ಲಿ, ಮೇ ತಿಂಗಳ ಹಾಳೆಯ ಕೊನೆಗೆ ಒಂದು ಸಾಲು ಖಾಲಿ ಉಳಿದಿತ್ತು. ಅಲ್ಲಿ ಮಗನನ್ನು ಬರೆದಳು. ಈ ಹೊಸ ಪುಸ್ತಕಕ್ಕೆ ಮುಂಚೆ ಆಕೆ ಬರೆದ ಒಂದೇ ಸುಳ್ಳು ಸಾಲು, ಅದೂ ಮಗು ಒಬ್ಬಂಟಿಯಾಗಿ ಅಳದಿರಲಿ ಎಂದು. ಹೋದ ವರ್ಷ ಮೇ ಮುಗಿದ ಮೇಲೆ ಹದಿನೆಂಟು ತುಂಬಿದವರ ಪಟ್ಟಿ ಮಾಡುವಾಗ ಆ ಸಾಲು ಎದುರಿಗೆ ಬಂತು. ಬಿಟ್ಟರೆ ದಾಖಲೆ ಸುಳ್ಳಾಗುತ್ತದೆ, ತನ್ನ ಕೈಬರಹ ಸುಳ್ಳಾಗುತ್ತದೆ. ಆಕೆ ಹೆದರಿ ಬರೆದುಕೊಟ್ಟಳು. ಹುಡುಗ ಎಂಟು ತಿಂಗಳು ಮುಂಚೆ ಲಾರಿ ಹತ್ತಿದ. ಸತ್ತ ಸುದ್ದಿ ಪುರಸಭೆಗೆ ತಲುಪಿದ್ದು ಜನವರಿ ಇಪ್ಪತ್ತಕ್ಕೆ. ಮರಣದ ಪುಸ್ತಕದಲ್ಲಿ ಅದನ್ನು ದಾಖಲಿಸಬೇಕಾದ ಕೈಯೂ ಆಕೆಯದೇ. ನ್ಯಾಯವಾಗಿ ಮಾರನೆಯ ದಿನ ಅವನಿಗೆ ಹದಿನೆಂಟು ತುಂಬಬೇಕಿತ್ತು.

ಸೈಕಲ್ ರಿಪೇರಿಯವನು ಮುಖ ತಿರುಗಿಸಿ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡ.

ನಾಲ್ಕು ಐವತ್ತಕ್ಕೆ ದಸ್ತಗಿರಿ ಎಂದು ದಫೇದಾರರು ಬರೆದುಕೊಂಡರು. ಆಕೆ ಮೇಜಿನ ಮೇಲಿನ ಮಸಿ ಕುಡಿಕೆಗೆ ಮುಚ್ಚಳ ಹಾಕಿ, ಪೆನ್ನು ಒರೆಸಿಟ್ಟು ಎದ್ದಳು. ಮೆಟ್ಟಿಲಿಳಿಯುವಾಗ ದಫೇದಾರರನ್ನು ಮೆಲ್ಲಗೆ ಕೇಳಿದಳು.

"ನಿಮ್ಮ ಮಗನ ಸಾಲು ಅಂತ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ."

"ಗೊತ್ತಿದ್ದೂ ತೋರಿಸಿದ್ರಾ?"

ಆಕೆ ಎರಡು ಮೆಟ್ಟಿಲು ಇಳಿದು ನಿಂತಳು.

"ನಾನೂ ಹಾಗೇ ಬರೆದುಕೊಟ್ಟಿದ್ದು," ಎಂದಳು. "ಒಂದು ಉಪಕಾರ ಮಾಡಿ. ಮರಣದ ಪುಸ್ತಕದಲ್ಲಿ ನನ್ನ ಮಗನ ವಯಸ್ಸು ಹದಿನೆಂಟು ಅಂತಿದೆ. ಅವನು ಹದಿನೆಂಟು ನೋಡಲೇ ಇಲ್ಲ."

ಸೋಮವಾರ ಬೆಳಿಗ್ಗೆ ಎಂಟಕ್ಕೆ ಪುರಸಭೆಯ ಮುಂದೆ ಲಾರಿ ನಿಂತಿತು. ಹಳೆಯ ಪುಸ್ತಕ ನೋಡಿ ಮಾಡಿದ ಪಟ್ಟಿಯನ್ನು ಭರ್ತಿ ಅಧಿಕಾರಿ ಗಟ್ಟಿಯಾಗಿ ಓದಿದ. ಮೂವತ್ತು ಹುಡುಗರು ಹತ್ತಿದರು, ಆ ಪೊದೆಮೀಸೆಯವನೂ, ಜವಾನನ ತಮ್ಮನೂ. ನಿಜವಾಗಿ ಡಿಸೆಂಬರಿನಲ್ಲೇ ಹುಟ್ಟಿದ ನಾಲ್ವರು ಮಾತ್ರ ಉಳಿದರು. ದಫೇದಾರರು ಜನ ನುಗ್ಗದಂತೆ ಹಗ್ಗ ಹಿಡಿದು ನಿಂತಿದ್ದರು, ಅದು ಆ ದಿನದ ಅವರ ಡ್ಯೂಟಿ. ಹಗ್ಗದ ಆಚೆ ಹೆಂಡತಿ ಇದ್ದಳು. ಅವಳು ಲಾರಿಯನ್ನು ನೋಡಿದಳು, ಗಂಡನನ್ನು ನೋಡಲಿಲ್ಲ. ಮಗ ಹತ್ತುವ ಮುನ್ನ ಸೈಕಲ್ಲಿನ ಬೀಗದ ಕೈಯನ್ನು ಅಪ್ಪನ ಜೇಬಿಗೆ ಹಾಕಿ, ವಾರಕ್ಕೊಂದು ಸಲ ಎಣ್ಣೆ ಬಿಡಿ ಎಂದು ಹೇಳಿಹೋದ.

ಇಪ್ಪತ್ತೆರಡನೆಯ ತಾರೀಕು ದೋಷಾರೋಪಣ ಪಟ್ಟಿ ತಯಾರಾಯಿತು. ಅಪರಾಧದಿಂದ ಆರೋಪಿಗೆ ಆದ ಲಾಭ ಎಂಬಲ್ಲಿ ದಫೇದಾರರು 'ಇಲ್ಲ' ಎಂದು ಬರೆದರು. ಮರಣದ ಪುಸ್ತಕ ತಿದ್ದುವ ಅಧಿಕಾರ ಪೊಲೀಸರಿಗಿಲ್ಲ, ಅದಕ್ಕೆ ಕೋರ್ಟಿನ ಆದೇಶ ಬೇಕು, ವರ್ಷಗಳೇ ಹಿಡಿಯಬಹುದು. ಆದರೆ ಆರೋಪಿಯ ಕುಟುಂಬದ ವಿವರ ಎಂಬ ಕಾಲಂ ಠಾಣೆಯದೇ. ಅಲ್ಲಿ ಅವರು ದುಂಡಗೆ, ಒಂದೊಂದೇ ಅಕ್ಷರ ಕೂಡಿಸಿ ಬರೆದರು: ಮಕ್ಕಳು, ಒಬ್ಬ ಮಗ. ವಯಸ್ಸು ಹದಿನೇಳು.

ಇನ್‌ಸ್ಪೆಕ್ಟರ್ ಅದನ್ನು ಓದಿದರು. ಏನೂ ಕೇಳದೆ ಸಹಿ ಹಾಕಿದರು.