ನೀರಿಗಿಳಿದ ದೀಪ

ಚಿತ್ರಕಾರ ಸಿವರ್ಟ್ ಲೊಮ್ನೆಸ್ ತನ್ನ ದೋಣಿಮನೆಯ ಹೊಸ್ತಿಲಲ್ಲಿ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ದೋಣಿಯ ಹುಟ್ಟು. ಒಳಗೆ, ಈಸೆಲ್ ಮೇಲೆ, ಅವನ ಕೊನೆಯ ಚಿತ್ರ.

ಊರಿನ ವೈದ್ಯನಾಗಿ ನಾನು ನೋಡಬೇಕಾದದ್ದು ಹೆಣವನ್ನು. ಕಣ್ಣು ಮಾತ್ರ ಚಿತ್ರದ ಕಡೆಗೇ ಹೋಗುತ್ತಿತ್ತು. ಕಪ್ಪಾಗುತ್ತಿರುವ ಸರೋವರ. ಆಚೆ ದಡದಲ್ಲಿ ಒಂಟಿ ಮನೆ, ಕಿಟಕಿಯಲ್ಲಿ ಕತ್ತಲೆ. ನೀರಿನಲ್ಲಿ ಮಾತ್ರ ಒಂದು ಹಳದಿ ಬೆಳಕು ನಡುಗುತ್ತಿತ್ತು— ಮುಳುಗಿದವರು ಹಚ್ಚಿಟ್ಟಂತೆ. ನೋಡಿದ ಪಾದ್ರಿಗಳು ದನಿ ತಗ್ಗಿಸಿ, ಇವನು ತನ್ನ ಸಾವನ್ನು ಮೊದಲೇ ಕಂಡಿದ್ದ ಎಂದರು.

ಆ ಒಂಟಿ ಮನೆ ಟೊರ್ಗೈರ್ ಹೌಗ್ಲಿಯದು. ಸಿವರ್ಟ್ ತನ್ನ ಮನೆಯನ್ನು ಸೂತಕದ ಮನೆಯ ಹಾಗೆ ಬರೆಯುತ್ತಾನೆ, ಅವನ ಕೈ ಮುರಿಯುತ್ತೇನೆ ಎಂದು ಚರ್ಚಿನಂಗಳದಲ್ಲೇ ಕೂಗಾಡಿದ್ದ ಬೆಸ್ತ. ಸಿವರ್ಟನ ತಮ್ಮ ಎಡ್ವಿನ್ ಅದನ್ನೇ ಎತ್ತಿದ. ನಿನ್ನೆ ಸಂಜೆ ಅಣ್ಣ ಎದುರಿಗಿದ್ದದ್ದನ್ನು ಕಂಡಂತೆಯೇ ಬರೆದ, ಚಿತ್ರ ಮುಗಿಯುವವರೆಗೂ ತಾನು ಪಕ್ಕದಲ್ಲಿದ್ದು ಹೊರಟೆನೆಂದ. ಕಿಟಕಿ ಕಪ್ಪೆಂದರೆ ಟೊರ್ಗೈರ್ ಮನೆಯಲ್ಲಿರಲಿಲ್ಲ ಎಂದೇ ಅರ್ಥ, ಎಂದು ವಾದಿಸಿದ.

ಗಂಡ ದೀಪ ಹಚ್ಚಿಕೊಂಡು ಬಲೆ ಹೆಣೆಯುತ್ತ ಕೂತಿದ್ದ ಎಂದು ಹೆಂಡತಿ ಓಸ್ನೆ ಹೇಳುತ್ತಲೇ ಇದ್ದಳು. ಯಾರು ಕೇಳುತ್ತಾರೆ? ಟೊರ್ಗೈರನನ್ನು ಹಿಡಿದು ಕೂಡಿಹಾಕಿದರು. ಅಪರಾಧ ಸಾಬೀತಾದರೆ ಜೀವಮಾನವಿಡೀ ಸೆರೆ.

ಪೇಟೆಯಿಂದ ತನಿಖೆಗೆ ಬಂದ ಹಾಲ್ವರ್ ತ್ವೈತೆನ್, ಬ್ರೆಡ್ಡು-ಮೇಕೆಚೀಸು ಅಗಿಯುತ್ತ ಚಿತ್ರದ ಮುಂದೆ ಬಹಳ ಹೊತ್ತು ನಿಂತ.

"ನೀರಲ್ಲಿ ಇದೇನಪ್ಪಾ ಎಡ್ವಿನ್, ಈ ಬೆಳಕು?"

"ಅದು ನಿಗೂಢ ಭಾವ, ಸಾಹೇಬ್ರೇ. ಆತ್ಮದ ಬೆಳಕು. ಚೀಸು ತಿನ್ಕೊಂಡು ನೋಡಿದ್ರೆ ಕಾಣಲ್ಲ."

"ಅದೂ ನಿಜವೇ ಬಿಡಿ. ಕಿಟಕಿ?"

"ಮೊದಲಿಂದ್ಲೂ ಕಪ್ಪೇ. ನಾನೇ ಕಣ್ಣಾರೆ ನೋಡಿದೀನಿ."

ಹಾಲ್ವರ್ ಬಟ್ಟೆಯ ಚೂರೊಂದನ್ನು ಟರ್ಪೆಂಟೈನಿನಲ್ಲಿ ಅದ್ದಿ ಚಿತ್ರದ ಕಿಟಕಿಯನ್ನು ಮೆಲ್ಲಗೆ ಒರೆಸಿದ. ಕಪ್ಪು ಬಣ್ಣ ಬಟ್ಟೆಗೆ ಅಂಟಿ ಬಂತು. ಅಡಿಯಿಂದ ಹಳದಿ ದೀಪವೊಂದು ಮೇಲೆದ್ದಿತು.

"ಸಿವರ್ಟ್ ಬಣ್ಣ ಕಲಸ್ತಿದ್ದದ್ದು ಮೊಟ್ಟೇಲಿ, ಬೇಗ ಒಣಗುತ್ತೆ. ಈ ಕಪ್ಪು ಎಣ್ಣೆಬಣ್ಣ, ಇನ್ನೂ ಹಸಿ. ಡಾಕ್ಟ್ರೇ, ನೀವೆಲ್ಲ ನಿಗೂಢ ಅಂತ ತಲೆ ಬಾಗಿಸಿದ್ರಿ. ಅವನು ಬರೆದದ್ದು ಮನೆ, ಮನೆಯ ದೀಪ, ನೀರಲ್ಲಿ ಅದರ ಬಿಂಬ. ಮೇಲಿನದನ್ನ ಅಳಿಸಿದವನು ಕೆಳಗಿನದನ್ನ ಮರೆತ. ಅವನ ಅಜಾಗ್ರತೆಗೆ ನೀವು ಆತ್ಮ ಅಂತ ಹೆಸರಿಟ್ರಿ."

ಇಂಥ ಚಿತ್ರಕಾರರು ಇಲ್ಲದ ದೀಪವನ್ನೂ ಬರೆಯುತ್ತಾರಲ್ಲ ಎಂದೆ.

"ಬರೀಲಿ. ಚಿತ್ರ ಸುಳ್ಳಾಡಬಹುದು. ಆದ್ರೆ ಆ ದೀಪಕ್ಕೆ ಹೆದರಿ ಮಸಿ ಬಳಿದವನ ಭಯ ಸುಳ್ಳಲ್ಲ. ಟೊರ್ಗೈರ್ ಮನೇಲಿರಲಿಲ್ಲ ಅಂತ ಆಗ್ಬೇಕಾಗಿದ್ದು ಯಾರಿಗೆ? ಮೊದಲಿಂದ್ಲೂ ಕಪ್ಪೇ ಅಂದವರಿಗೆ. ಅಲ್ವಾ, ಎಡ್ವಿನ್?"

ಎಡ್ವಿನ್ ಬಣ್ಣದ ಪೆಟ್ಟಿಗೆಯ ಮೇಲೆ ಕೂತು ಎಲ್ಲ ಒಪ್ಪಿಕೊಂಡ. ಅಣ್ಣನ ಹೆಸರಿನಲ್ಲಿ ತಾನೇ ನಕಲು ಚಿತ್ರ ಬರೆದು ರಾಜಧಾನಿ ಕ್ರಿಸ್ಟಿಯಾನಿಯಾದಲ್ಲಿ ಮಾರುತ್ತಿದ್ದುದು ಅಣ್ಣನಿಗೆ ತಿಳಿದುಹೋಗಿತ್ತು. ನಾಳೆ ಎಲ್ಲರಿಗೂ ಹೇಳುತ್ತೇನೆಂದು ಸಿವರ್ಟ್ ಬೆನ್ನು ತಿರುಗಿಸಿದಾಗ ಹುಟ್ಟು ಕೈಗೆ ಸಿಕ್ಕಿತ್ತು.

ಟೊರ್ಗೈರ್ ಮನೆಗೆ ಬಂದ. ಬಲೆ ಹೆಣೆಯುತ್ತಾನೆ, ಮೀನಿಗೆ ಹೋಗುತ್ತಾನೆ. ಓಸ್ನೆ ಮಾತ್ರ ದೀಪ ಹಚ್ಚುವ ಮೊದಲು ಕಿಟಕಿಗೆ ಕಂಬಳಿ ಕಟ್ಟುತ್ತಾಳೆ. ಕೇಳಿದರೆ, ಆಚೆ ದಡದಲ್ಲಿ ಇನ್ನೂ ಯಾರೋ ಕೂತು ನೋಡುತ್ತಿದ್ದಾರೆ ಎನ್ನುತ್ತಾಳೆ.